ಮಾವನ ಗಂಟಲಿಗೆ ಬ್ಯಾಟರಿ ಸೆಲ್ಲು

ನಾನೇನು ಓದುತ್ತಿದ್ದೇನೆ ಎಂಬುದನ್ನು ಕೊಳ್ಳೇಗಾಲದಲ್ಲಿ ಯಾರಿಗೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲು ನನ್ನಿಂದ ಆಗಲಿಲ್ಲ. ‘ಬಯೋಮೆಡಿಕಲ್ ಇಂಜಿನಿಯರಿಂಗ್’ ಎನ್ನುವಷ್ಟರಲ್ಲಿ ಎದುರಿಗಿದ್ದವರ ಲೋಟದ ಕಾಫಿ ತಳ ಮುಟ್ಟಿರುತ್ತಿತ್ತು. ನಮ್ಮವ್ವ ಮಾತ್ರ ಪೂರ್ತಿ ಕೇಳಿಸಿಕೊಂಡಳು.

"ಅಂಗಂದ್ರೆ ನೀನು ಡಾಕ್ಟ್ರೋ, ಇಂಜಿನೀರೋ?"

"ಎರಡೂ ಅರ್ಧರ್ಧ ಕಣವ್ವ."

"ಎರಡೂ ಪೂರ್ತಿ ಬರಲ್ಲ ಅನ್ನು. ಅದ್ಕೇ ಮಾತ್ನ ಅಟ್ಟದ್ ಮೇಲೇ ಬುಟ್ಟು ಇಳೀತೀಯ."

ಇದು ಅವಳ ಹಳೆಯ ದೂರು. ನಾನು ಮಾತಾಡುವಾಗ ದನಿ ಏಣಿ ಹತ್ತಿದ ಹಾಗೆ ಮೇಲೆ ಮೇಲೆ ಹೋಗಿ, ಕೊನೆಯಲ್ಲಿ ಇಳಿಯುವುದನ್ನು ಮರೆತು ಅಲ್ಲೇ ನೇತಾಡುತ್ತದಂತೆ. ನನಗೆ ಹಾಗೆ ಕೇಳಿಸಿದ್ದಿಲ್ಲ. ಊರಿನ ಎಲ್ಲರ ದನಿಯನ್ನೂ ಅಣಕಿಸುವವನಿಗೆ ತನ್ನ ದನಿ ಗೊತ್ತಿರುವುದಿಲ್ಲವೇ ಎಂಬುದು ನನ್ನ ಧಿಮಾಕು.

ಬೀದಿಯವರಿಗೆ ಅವ್ವನ ಅನುಮಾನಗಳಿರಲಿಲ್ಲ. ರಜೆಗೆ ಬಂದಾಗ ಕೆಟ್ಟ ರೇಡಿಯೊ ತಂದವರು ಅದನ್ನು ನನ್ನ ತೊಡೆಯ ಮೇಲಿಟ್ಟು, ಹೇಗೂ ಬಂದದ್ದಾಯಿತು ಎಂದು ನಾಲಿಗೆಯನ್ನೂ ಚಾಚಿ ತೋರಿಸಿ ಹೋಗುತ್ತಿದ್ದರು. ಎರಡು ದೋಣಿಯಲ್ಲಿ ಕಾಲಿಡುವುದು ನನಗೆ ಹೊಸದೇನಲ್ಲ. ನಾನು ಹುಟ್ಟಿದಾಗ ನಮ್ಮೂರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಮೈಸೂರು ರಾಜ್ಯಕ್ಕೆ ಬಂತು. ಸಂಶೋಧನೆಗೆ ಸೇರುವಷ್ಟರಲ್ಲಿ ಅದೇ ಕರ್ನಾಟಕವಾಗಿತ್ತು. ಜಗುಲಿ ಇಳಿಯದೆ ಮೂರು ರಾಜ್ಯ ಸುತ್ತಿದ ಮನೆತನ ನಮ್ಮದು.

ಅಣಕದ ವಿದ್ಯೆಯಲ್ಲಿ ನನ್ನ ಗುರು ಸೋದರಮಾವ, ಅವ್ವನ ತಮ್ಮ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸಾವ್ಕಾರರ ಖಾಸಗಿ ಬಸ್ಸುಗಳಿಗೆ ಏಜೆಂಟು. ಏಜೆಂಟು ಎಂದರೆ ಟಿಕೆಟ್ಟು ಹರಿಯುವವನಲ್ಲ. ಬಸ್ಸಿನ ಪಕ್ಕ ನಿಂತು, ಅದು ಹೋಗುವ ಊರುಗಳನ್ನು ಕೂಗಿ ಕೂಗಿ ಜನರನ್ನು ತುಂಬಿಸಿ, ಬಸ್ಸಿನ ಬೆನ್ನಿಗೊಂದು ಏಟು ಕೊಟ್ಟು ಕಳಿಸುವವನು. ಬಸ್ಸಿಗೆ ಬೋರ್ಡೂ ಇರುತ್ತಿತ್ತು, ಆದರೆ ಅದನ್ನು ನಂಬಿದವನು ಕೆಟ್ಟ. ಸಾವ್ಕಾರರು ಯಾವ ಬಸ್ಸು ಕೆಟ್ಟರೆ ಯಾವುದನ್ನೋ ಓಡಿಸುತ್ತಿದ್ದರಿಂದ ಹನೂರಿನ ಬೋರ್ಡು ಹೊತ್ತ ಬಸ್ಸು ಯಳಂದೂರಿಗೆ ಹೋಗುವುದು ದಿನನಿತ್ಯದ ಮಾತು. ಓದು ಬಂದವರೂ ಬೋರ್ಡಿಗೆ ಬೆನ್ನು ಹಾಕಿ ಮಾವನ ಬಾಯಿಗೆ ಕಿವಿ ಕೊಡುತ್ತಿದ್ದರು.

ಆ ಕೂಗು ಒಂದೊಂದೂರಿಗೆ ಒಂದೊಂದು ರಾಗ. ಹನೂರು ಎಂದರೆ ‘ನೂ’ ಎಂಬಲ್ಲಿ ಆಕಾಶಕ್ಕೆ ಎಳೆದು, ಹಗ್ಗ ತುಂಡಾದ ಬಿಂದಿಗೆಯ ಹಾಗೆ ‘ರು’ವಿಗೆ ಬೀಳುವುದು. ಬಂಡಳ್ಳಿ ಗೋಡೆಗೆ ಮೊಳೆ ಹೊಡೆದಂತೆ ಮೂರು ಏಟು. ಯಳಂದೂರು ಎಳೆಗರುವನ್ನು ಕರೆದ ಹಾಗೆ ಮೆತ್ತಗೆ ಜಾರಿಕೊಂಡು ಬರುತ್ತಿತ್ತು. ಲೊಕ್ಕನಹಳ್ಳಿಗೂ ಒಡೆಯರಪಾಳ್ಯಕ್ಕೂ ಒಂದೇ ಬಸ್ಸು, ಆದ್ದರಿಂದ ಜೋಡಿ ರಾಗ: ಮೊದಲರ್ಧ ಇಳಿಜಾರಿನಲ್ಲಿ ಉರುಳುವ ಗುಂಡುಕಲ್ಲು, ಉಳಿದರ್ಧ ಏರಿನಲ್ಲಿ ಏದುಸಿರು ಬಿಡುವ ಎಂಜಿನ್ನು. ಗಡಿಯಾಚೆಯಿಂದ ಬಂದವರಿಗೆ ಮಾತು ತಮಿಳಿನಲ್ಲಿ ಇರುತ್ತಿತ್ತು, ರಾಗ ಮಾತ್ರ ಅದೇ.

ಸ್ಕೂಲಿನಿಂದ ಬರುತ್ತಾ ಟೀ ಅಂಗಡಿಯ ಹಿಂದೆ ನಿಂತು ನಾನೊಮ್ಮೆ ಮಾವನ ರಾಗದಲ್ಲಿ ಬಂಡಳ್ಳಿ ಕೂಗಿದೆ. ಅರ್ಧ ಟೀ ಬಿಟ್ಟು ಜನ ಗಂಟುಮೂಟೆ ಸಮೇತ ಓಡಿ ಬಂದು, ಬಸ್ಸಿಲ್ಲದ ಜಾಗದಲ್ಲಿ ಸಾಲಾಗಿ ನಿಂತರು. ಮಾವ ನನ್ನ ಕಿವಿ ಹಿಡಿದ.

"ನನ್ ಗಂಟ್ಲೇ ಕದ್ದಿದ್ದೀಯೇನ್ಲಾ?"

"ಕದ್ದಿಲ್ಲ ಮಾವ. ಕಡ ತಕಂಡಿವ್ನಿ."

"ಕಡ ತಕಂಡೋನು ವಾಪಸ್ ಕೊಡ್ಬೇಕು ಕಣ್ಲಾ," ಎಂದು ಕಿವಿಯನ್ನು ಇನ್ನೊಂದು ಸುತ್ತು ತಿರುವಿ, ನಗು ತಡೆಯಲಾರದೆ ಬಿಟ್ಟುಬಿಟ್ಟ.

ನಾನು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ ವರ್ಷವೇ ಮಾವನ ಗಂಟಲಿನಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮುಂದೆ ಇಳಿಬಿಟ್ಟ ತೆಳು ಬಟ್ಟೆ. ದನಿ ಎಂಬುದು ಹೋಯಿತು.

ಸಾವ್ಕಾರರು ಕೆಟ್ಟವರಲ್ಲ. ಮಾವನನ್ನು ಶೆಡ್ಡಿನಲ್ಲಿ ಡೀಸೆಲ್ ಡ್ರಮ್ಮು ಕಾಯುವುದಕ್ಕೆ ಹಾಕಿದರು. ಬಸ್ ಸ್ಟ್ಯಾಂಡಿಗೆ ಬಂದ ಹೊಸ ಏಜೆಂಟು ಎಲ್ಲ ಊರುಗಳನ್ನೂ ಮಗ್ಗಿ ಒಪ್ಪಿಸಿದಂತೆ ಒಂದೇ ಉಸಿರಿಗೆ ಹೇಳುತ್ತಿದ್ದ. ಯಾರೂ ಏಳುತ್ತಿರಲಿಲ್ಲ. ಕೊನೆಗೆ ಅವನೇ ಒಬ್ಬೊಬ್ಬರ ಬಳಿ ಹೋಗಿ "ನೀವ್ಯಾವೂರು, ನೀವ್ಯಾವೂರು" ಎಂದು ಹೆಣ್ಣು ನೋಡಲು ಬಂದವರಂತೆ ವಿಚಾರಿಸುತ್ತಿದ್ದ. ಬಸ್ಸುಗಳು ಹೊತ್ತು ಮೀರಿ ಹೊರಡುತ್ತಿದ್ದವು. ಆದರೂ ಸಾವ್ಕಾರರು ಬಸ್ ಸ್ಟ್ಯಾಂಡಿನವರೆಲ್ಲರ ಎದುರು ಮಾವನಿಗೆ ಒಂದು ಮಾತು ಕೊಟ್ಟಿದ್ದರು: "ನಿನ್ ಗಂಟ್ಲು ಬಂದ್ ದಿನ ನಿನ್ ಜಾಗ ನಿಂದೇ ಕಣಯ್ಯ." ಹೋದ ಗಂಟಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತದು.

ಮಾವನಿಗೆ ಅದೊಂದೇ ಮಾತು ಸಾಕಾಗಿತ್ತು. ಡ್ರಮ್ಮಿನ ಪಕ್ಕ ಕೂತು ಬಸ್ಸುಗಳ ಹೊತ್ತಿಗೆ ಸರಿಯಾಗಿ ಅವನ ತುಟಿ ಅಲ್ಲಾಡುತ್ತಿತ್ತು. ಮನೆಗೆ ಹೋಗುವಾಗ ಮಾತ್ರ ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು, ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದ.

ಮನೆಯಲ್ಲಿ ಅವನ ಕೈಸನ್ನೆಗಳನ್ನು ಮಾತಿಗೆ ತಿರುಗಿಸುವ ಕೆಲಸ ಅತ್ತೆಯದು. ಅವಳ ತರ್ಜುಮೆಯಲ್ಲಿ ಅವಳ ಸ್ವಂತ ಸಾಹಿತ್ಯ ಜಾಸ್ತಿ ಇರುತ್ತಿತ್ತು. ಮಾವ ಹೆಬ್ಬೆರಳನ್ನು ಬಾಯಿಗೆ ತೋರಿಸಿ, ಲೋಟ ಎತ್ತುವ ಹಾಗೆ ಮಾಡುತ್ತಿದ್ದ. ಅತ್ತೆ ನನ್ನ ಕಡೆ ತಿರುಗಿ, "ನಿಮ್ಮಾವ ಕಾಪಿ ಬ್ಯಾಡ ಅಂತಾವ್ರೆ. ಪಿತ್ತ ಆಯ್ತದಂತೆ," ಎನ್ನುತ್ತಿದ್ದಳು. ಮಾವ ಎರಡೂ ಕೈ ಬೀಸಿದರೆ, "ಸಕ್ರೆ ಹಾಕ್ದೆ ಕೊಟ್ರೂ ಬ್ಯಾಡ್ವಂತೆ," ಎಂದು ಮುಂದುವರಿಸುತ್ತಿದ್ದಳು.

ಇತ್ತ ಬೆಂಗಳೂರಿನಲ್ಲಿ ನಮ್ಮ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಈ ಕಡೆಯ ಮೇಜಿನ ಮೇಲೆ ಬೆಸುಗೆ ಹಾಕುವ ಸಲಾಕೆ, ಆ ಕಡೆಯ ಮೇಜಿನ ಮೇಲೆ ಕಸಾಯಿಖಾನೆಯಿಂದ ತಂದ ಕುರಿಯ ಗಂಟಲು. ಆ ಗಂಟಲಿಗೆ ಸೈಕಲ್ ಪಂಪಿನಿಂದ ಗಾಳಿ ಊದಿ ದನಿ ಹೊರಡಿಸುವುದು ನನ್ನ ಮೊದಲ ಪ್ರಯೋಗ. ಅದು ‘ಬ್ಯಾ’ ಎನ್ನಲಿಲ್ಲ, ಮದುವೆ ಮನೆಯ ಓಲಗದವರು ಬೆಳಿಗ್ಗೆ ಶ್ರುತಿ ನೋಡಿಕೊಳ್ಳುವ ಹಾಗೆ ಪೀಂ ಎಂದಿತು. ಮೊಟ್ಟೆಯನ್ನೂ ಮನೆಯೊಳಗೆ ಬಿಡದ ವಂಶದ ಕುಡಿ ನಾನು. ಕುರಿಯ ಗಂಟಲಿಗೆ ಪಂಪು ಹೊಡೆದ ಸಂಗತಿಯನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಇದನ್ನು ಯಾರಾದರೂ ಓದಿ ಹೇಳಿದರೆ ಗೊತ್ತಾಗುತ್ತದೆ.

ನನ್ನ ಗೈಡು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಆ ಕನ್ನಡಕದ ಜೊತೆಗೇ ಮಾತಾಡುವವರು. ಯಾವ ವಿದ್ಯಾರ್ಥಿ ಏನು ತಂದು ತೋರಿಸಿದರೂ "ಚೆನ್ನಾಗಿದೆ" ಎಂದು ಶುರುಮಾಡಿ, "ಆದರೆ" ಎಂಬಲ್ಲಿ ನಿಂತು, ಆ ‘ಆದರೆ’ಯನ್ನು ಪಾತಾಳದವರೆಗೆ ಇಳಿಸುತ್ತಿದ್ದರು. ಇದನ್ನು ಅಣಕಿಸದೆ ಇರಲು ನಾನು ಋಷಿಯಲ್ಲ. ಹಾಸ್ಟೆಲಿನಿಂದ ಸುದ್ದಿ ಅವರಿಗೆ ಮುಟ್ಟಿತು. ಕೋಣೆಗೆ ಕರೆದು, ಬಾಗಿಲು ಮುಚ್ಚಿ, "ಮಾಡಿ ನೋಡೋಣ," ಎಂದರು.

ಮಾಡಿದೆ. ಸೀಟು ಹೋಯಿತೆಂದೇ ಮಾಡಿದೆ. ಅವರು ಕನ್ನಡಕವನ್ನು ನೋಡುತ್ತಾ ಕೇಳಿಸಿಕೊಂಡರು.

"ಚೆನ್ನಾಗಿದೆ. ಆದರೆ ನನ್ನ ‘ಆದರೆ’ ಅಷ್ಟು ಉದ್ದ ಇಲ್ಲವಲ್ರೀ. ನೀವು ಎಳೆದಿದ್ದೀರಿ."

"ಎಳೆಯದಿದ್ದರೆ ಹಾಸ್ಟೆಲಿನಲ್ಲಿ ಯಾರಿಗೂ ನೀವು ಅಂತ ಗೊತ್ತಾಗಲ್ಲ ಸರ್."

ಅವರು ಅದನ್ನು ಅಲ್ಲಿಗೇ ಬಿಟ್ಟರು, ನಾನೂ ಬಿಟ್ಟೆ. ಬಿಡಬಾರದಿತ್ತು, ಅದು ಆಮೇಲೆ ತಿಳಿಯಿತು. ಆಗ ಅವರು ಕೇಳಿದ್ದು ಬೇರೆ: ದನಿಯ ಹುಚ್ಚು ಇಷ್ಟಿದ್ದರೆ ದನಿಯ ಮೇಲೆಯೇ ಯಾಕೆ ಕೆಲಸ ಮಾಡಬಾರದು? ಮಾವನ ವಿಷಯ ಹೇಳಿದೆ. ನಾನು ಅಣಕವಿಲ್ಲದೆ, ನನ್ನದೇ ದನಿಯಲ್ಲಿ, ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಕನ್ನಡಕ ಮೂಗಿಗೇರಿತು. ಅವರು ನೇರ ನನ್ನನ್ನೇ ನೋಡಿ, "ಇದನ್ನೇ ಮಾಡಿ," ಎಂದರು. ‘ಆದರೆ’ ಬರಲಿಲ್ಲ.

ಯಂತ್ರದ ತತ್ವ ಸರಳ. ಗಂಟಲು ಕೊಡುವುದು ಬರೀ ಗುಂಯ್ ಎಂಬ ನಾದ. ಅದನ್ನು ಮಾತಾಗಿ ಕೊರೆಯುವುದು ನಾಲಿಗೆ, ಹಲ್ಲು, ತುಟಿ. ಮಾವನ ಬಳಿ ಕೊರೆಯುವವರೆಲ್ಲ ಇದ್ದರು, ಕಲ್ಲು ಮಾತ್ರ ಇರಲಿಲ್ಲ. ಆ ಗುಂಯ್ ನಾದವನ್ನು ಹೊರಗಿನಿಂದ ಕತ್ತಿಗೆ ಒತ್ತಿ ಕೊಟ್ಟರೆ ಬಾಯಿ ತನ್ನ ಕೆಲಸ ತಾನು ಮಾಡುತ್ತದೆ. ಪರದೇಶದಲ್ಲಿ ಇಂಥದು ಸಿಗುತ್ತಿತ್ತು, ನಮಗೆ ತರಿಸುವ ದಾರಿಯಿರಲಿಲ್ಲ. ಹಳೆಯ ಟೆಲಿಫೋನಿನ ಕಿವಿಯ ತುಂಡು, ಒಂದಷ್ಟು ಟ್ರಾನ್ಸಿಸ್ಟರು, ಟಾರ್ಚಿನ ಸೆಲ್ಲು, ಎಲ್ಲವನ್ನೂ ಒಂದು ಸೋಪಿನ ಡಬ್ಬಿಯಲ್ಲಿ ತುಂಬಿದೆ. ಗುಂಡಿ ಒತ್ತಿದರೆ ಅದು ಮರ ಕೊರೆಯುವ ದುಂಬಿಯಂತೆ ಮೊರೆಯುತ್ತಿತ್ತು.

ಮೊದಲ ಬಲಿ ನಾನೇ. ಉಸಿರು ಕಟ್ಟಿ, ಡಬ್ಬಿಯನ್ನು ದವಡೆಯ ಕೆಳಗೆ ಒತ್ತಿಕೊಂಡು ಬರೀ ಬಾಯಿ ಆಡಿಸುತ್ತಾ ತಿಂಗಳುಗಟ್ಟಲೆ ಮಾತಾಡಿದೆ. ಮೆಸ್ಸಿನಲ್ಲಿ ಡಬ್ಬಿಯಿಂದಲೇ "ಇನ್ನೆರಡು ಚಪಾತಿ" ಎಂದು ಕೇಳಿದಾಗ ಭಟ್ಟರು ಚಪಾತಿ ಕೊಟ್ಟು, ಜೊತೆಗೆ ಮಂತ್ರಿಸಿದ ದಾರ ಕಟ್ಟಿಸಿಕೊಳ್ಳಲು ಒಂದು ವಿಳಾಸವನ್ನೂ ಕೊಟ್ಟರು. ಆಮೇಲೆ ಪದಗಳನ್ನು ಒಂದೊಂದಾಗಿ ನುಡಿದು ಕೇಳುವವರಿಂದ ಬರೆಸುವ ಪರೀಕ್ಷೆ. ಬಹುಪಾಲು ಸರಿಬಂತು. ಹಕಾರ ಮಾತ್ರ ಡಬ್ಬಿಯಲ್ಲಿ ಹುಟ್ಟುತ್ತಲೇ ಇರಲಿಲ್ಲ, ಯಾಕೆಂದರೆ ಹಕಾರಕ್ಕೆ ಬೇಕಾದ್ದು ನಾದವಲ್ಲ, ಉಸಿರು. ಗೈಡು ಚಿಂತೆಗೆ ಬಿದ್ದರು.

"ಚೆನ್ನಾಗಿದೆ. ಆದರೆ ಹಕಾರ ಪೂರ್ತಿ ಹೋಗ್ತಿದೆಯಲ್ರೀ."

"ನಮ್ಮೂರಿನಲ್ಲಿ ಅದು ಬಂದೇ ಇಲ್ಲ ಸರ್," ಎಂದೆ. "ನಾವು ಓಗೋದು ಅನೂರಿಗೆ."

ಡಬ್ಬಿಯನ್ನು ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಊರಿನ ಬಸ್ಸು ಹತ್ತಿದೆ. ದಾರಿಯ ಕುಲುಕಾಟಕ್ಕೆ ಅದು ತಾನೇ ಹೊತ್ತಿಕೊಂಡು ಮೊರೆಯತೊಡಗಿತು. ಪಕ್ಕದವರು ಜೇನು ಎಂದು ತಲೆಗೆ ಟವಲು ಸುತ್ತಿಕೊಂಡರು. "ಜೇನಲ್ಲ, ನಮ್ಮಾವನ ಗಂಟಲು" ಎಂದ ಮೇಲೆ ಆ ಸೀಟಿನಲ್ಲಿ ಕೊಳ್ಳೇಗಾಲದವರೆಗೆ ನಾನೊಬ್ಬನೇ ಕಾಲು ಚಾಚಿಕೊಂಡು ಬಂದೆ.

ಮನೆಯ ಪಡಸಾಲೆಯಲ್ಲಿ ಅವ್ವ, ಅತ್ತೆ, ನಾನು ಸುತ್ತ ಕೂತೆವು. ಮಾವನ ಕತ್ತಿನ ಪಕ್ಕ ನಾದ ಹಿಡಿಯುವ ಜಾಗ ಹುಡುಕುವುದಕ್ಕೇ ಹೊತ್ತು ಹೋಯಿತು. ಸಿಕ್ಕಿತು. ಗುಂಡಿ ಒತ್ತಿ, ಬಾಯಿ ಆಡಿಸು ಎಂದೆ. ಮಾವ ಗುಂಡಿ ಒತ್ತಿದ. ದುಂಬಿ ಮೊರೆಯಿತು. ಅವನು ಅತ್ತೆಯ ಕಡೆಗೇ ತಿರುಗಿ, ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಹೇಳಿದ:

"ನಾನು… ಯಾವತ್ತು… ಕಾಪಿ ಬ್ಯಾಡ… ಅಂದಿದ್ದೆ?"

ಅವ್ವ ಸೆರಗು ಬಾಯಿಗಿಟ್ಟುಕೊಂಡಳು, ನಗುವುದಕ್ಕೋ ಅಳುವುದಕ್ಕೋ ನನಗೆ ತಿಳಿಯಲಿಲ್ಲ. ಅತ್ತೆ ಎದ್ದು ಒಳಗೆ ಹೋದಳು. ಹೋಗುತ್ತಾ, "ಇಂಜಿನೀರು ಓದ್ಸಿದ್ದು ಅತ್ತೆ ಮಾನ ಕಳ್ಯಕ್ಕೆ," ಎಂದಳು. ಬಂದಾಗ ಅವಳ ಕೈಯಲ್ಲಿ ದೊಡ್ಡ ಲೋಟದ ಕಾಫಿಯಿತ್ತು, ಅದರಲ್ಲಿ ಕರಗಲಾರದಷ್ಟು ಸಕ್ಕರೆ ಇತ್ತು.

ಮಾರನೆಯ ದಿನವೇ ಬಸ್ ಸ್ಟ್ಯಾಂಡಿಗೆ ಹೊರಟೆವು. ಮಾವ ಕೆರೆ ಏರಿಯ ಸುತ್ತುದಾರಿ ಬಿಟ್ಟು ನೇರ ರಸ್ತೆಯಲ್ಲೇ ನಡೆದ. ಡಬ್ಬಿಯ ದನಿ ಸಣ್ಣದಾದ್ದರಿಂದ, ಟೂರಿಂಗ್ ಟಾಕೀಸಿನವರು ಜಟಕಾದಲ್ಲಿ ಕೂತು ಕೂಗುವ ತಗಡಿನ ಕೊಳವೆಯೊಂದನ್ನು ಕಡ ತಂದಿದ್ದೆ. ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಕೊಳವೆ. ಬಸ್ಸಿನ ಬೆನ್ನಿಗೆ ಏಟು ಕೊಡಲು ಕೈ ಉಳಿಯದೆ, ಕಾಲಿನಲ್ಲಿ ಒದೆಯುವುದೆಂದು ತೀರ್ಮಾನವಾಯಿತು. ಸಾವ್ಕಾರರು ಟೀ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಲೊಕ್ಕನಹಳ್ಳಿ ಬಸ್ಸು ನಿಂತಿತ್ತು. ಮಾವ ಕೂಗಿದ.

ಪದ ಸ್ಪಷ್ಟವಾಗಿತ್ತು. ನನ್ನ ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ. ಆದರೆ ಮರದಡಿ ಕೂತಿದ್ದವರಲ್ಲಿ ಒಬ್ಬರೂ ಮಿಸುಕಲಿಲ್ಲ. ಮಾವ ಹತ್ತಿರ ಹೋಗಿ, ಮಂಕರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯ ಮುಂದೆಯೇ ಕೂಗಿದ. ಅವಳು ಮೇಲೆ ಮರ ನೋಡಿದಳು.

"ಎಲ್ಲೋ ದುಂಬಿ ಮೊರೀತಾ ಅದೆ ಕಣಪ್ಪ. ಈ ಮರ ತೂತು ಮಾಡ್ಬುಡ್ತದೆ."

ಹನೂರು, ಯಳಂದೂರು, ಬಂಡಳ್ಳಿ, ಯಾವುದನ್ನು ಕೂಗಿದರೂ ಡಬ್ಬಿಗೆ ಒಂದೇ ಶ್ರುತಿ. ಜನ ನೋಡಿದರು, ಒಳ್ಳೆಯವರು, ತಲೆಯನ್ನೂ ಆಡಿಸಿದರು. ಹತ್ತಲಿಲ್ಲ. ಸಾವ್ಕಾರರು ಕುರ್ಚಿಯಿಂದ ಎದ್ದು ಬಂದು ಮಾವನ ಹೆಗಲ ಮೇಲೆ ಕೈಯಿಟ್ಟರು.

"ಬುಡಯ್ಯ. ಮಾತು ಬಂತಲ್ಲ, ಅದೇ ದೊಡ್ದು. ಮನೇಲಿ ಮಾತಾಡ್ಕೊಂಡು, ಡ್ರಮ್ ಕಾಯ್ಕೊಂಡು ಇರು."

ಮಾವ ಡಬ್ಬಿಯನ್ನು ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಕೊಳವೆಯನ್ನು ನನ್ನ ಕೈಗೆ ಕೊಟ್ಟ. ಅವನು ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ. ಮುಖ ಮರೆಸಿಕೊಳ್ಳಲು ನನಗೆ ಗೊತ್ತಿದ್ದ ದಾರಿ ತಿನ್ನುವುದು. ಟೀ ಅಂಗಡಿಯಿಂದ ಒಂದು ಬಿಸಿ ಬೋಂಡ ತೆಗೆದುಕೊಂಡು ಇಡಿಯಾಗಿ ಬಾಯಿಗೆ ತುಂಬಿಕೊಂಡೆ. ಬಾಯಿ ಸುಟ್ಟಿತು. ಉಗುಳಲೂ ಆಗದೆ, ನುಂಗಲೂ ಆಗದೆ, ಸಿಟ್ಟಿನಲ್ಲಿ, ಮುಚ್ಚಿದ ಬಾಯಿಯಿಂದಲೇ ಮಾವನ ಹಳೆಯ ಲೊಕ್ಕನಹಳ್ಳಿ ರಾಗವನ್ನು ಮೂಗಿನಲ್ಲಿ ಗುನುಗಿದೆ. ಉರುಳುವ ಗುಂಡುಕಲ್ಲು, ಏರಿನ ಎಂಜಿನ್ನು. ಒಂದಕ್ಷರವಿಲ್ಲ, ಬೋಂಡ ಮಾತ್ರ.

ಅಜ್ಜಿ ಎದ್ದು ಮಂಕರಿಯನ್ನು ತಲೆಗೇರಿಸಿದಳು. ಅವಳ ಪಕ್ಕದಲ್ಲಿ ಒಡೆಯರಪಾಳ್ಯದ ಹೊಸ ಕ್ಯಾಂಪಿನ ಟಿಬೆಟಿನ ಮುದುಕರೊಬ್ಬರು ಕೂತಿದ್ದರು. ಕನ್ನಡ ಎಂದರೆ ಅವರಿಗೆ ‘ಎಷ್ಟು’ ಎಂಬಲ್ಲಿಗೆ ಮುಗಿಯುತ್ತಿತ್ತು. ಅವರು ಜಪಮಣಿಯನ್ನು ಕೈಗೆ ಸುತ್ತಿಕೊಂಡು ಎದ್ದು ನೇರ ಬಸ್ಸಿನ ಕಡೆ ನಡೆದರು. ಹಿಂದೆಯೇ ಇನ್ನಷ್ಟು ಜನ.

ನಾನು ಬೋಂಡ ನುಂಗದೆ, ಮೊಳೆ ಹೊಡೆದಂತೆ ಮೂರು ಸಲ ‘ಉಂ’ ಎಂದೆ. ಜಗುಲಿಯ ಮೇಲಿದ್ದ ಬಂಡಳ್ಳಿಯವರು ಚೀಲ ಎತ್ತಿಕೊಂಡು ಇಳಿದರು. ದೂರದಿಂದ ಒಬ್ಬ ಡ್ರೈವರು ಕೂಗಿದ, "ಯಾವನ್ಲಾ ಅವ್ನು, ಬಂಡಳ್ಳಿ ಗಾಡಿ ಇನ್ನೂ ಬಂದೇ ಇಲ್ಲ ಕಣ್ಲಾ."

ನನ್ನ ಸಂಶೋಧನೆಯ ಅತ್ಯುತ್ತಮ ಪ್ರಯೋಗ ಅದು, ಉಪಕರಣ ಒಂದು ಬೋಂಡ. ಜನ ಮಾವನಿಂದ ಊರ ಹೆಸರು ಕೇಳುತ್ತಲೇ ಇರಲಿಲ್ಲ, ರಾಗ ಕೇಳಿ ಎದ್ದುಬರುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ಕೂತು, ಬೇಕಿಲ್ಲದ್ದನ್ನು ಬಹಳ ಶ್ರದ್ಧೆಯಿಂದ ಮಾಡಿ ತಂದಿದ್ದೆ. ತಿರುಗಿ ನೋಡಿದರೆ ಮಾವ ಚೀಲದಿಂದ ಡಬ್ಬಿ ಹೊರಗೆ ತೆಗೆಯುತ್ತಿದ್ದ. ಕತ್ತಿಗೆ ಒತ್ತಿಕೊಂಡ.

"ಇದ್ಕೆ ಮ್ಯಾಕೆ ಕೆಳೀಕೆ ಓಗಕ್ಕೆ ಕಲ್ಸು. ನಾ ಎಲ್ಗೂ ಓಗಕಿಲ್ಲ, ಇಲ್ಲೇ ಇರ್ತೀನಿ."

ಗೈಡಿಗೆ ಬೋಂಡದ ಸಮೇತ ವರದಿ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಬಾಯಿ ಮುಚ್ಚಿಕೊಂಡು, ಬರೀ ಮೂಗಿನಲ್ಲಿ, ತಮ್ಮ ‘ಆದರೆ’ಯನ್ನು ತಾವೇ ಒಮ್ಮೆ ಗುನುಗಿ ನೋಡಿದರು. ಹೊರಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಅಟೆಂಡರು ಬಾಗಿಲು ತೆಗೆದು, "ಕರೆದ್ರಾ ಸಾರ್?" ಎಂದ. ಪ್ರಯೋಗ ಬೆಂಗಳೂರಿನಲ್ಲೂ ರುಜುವಾತಾಯಿತು.

ಡಬ್ಬಿಯ ಪಕ್ಕಕ್ಕೆ, ಪಾಕೆಟ್ ರೇಡಿಯೊದ ಸದ್ದು ಏರಿಸುವ ಹಲ್ಲಿನ ಚಕ್ರದಂಥದೊಂದನ್ನು ಕೂರಿಸಿದೆ. ಹೆಬ್ಬೆರಳಿನಿಂದ ಉರುಳಿಸಿದರೆ ದುಂಬಿಯ ದನಿ ತೆಳುವಾಗಿ ಮೇಲೇರುತ್ತಿತ್ತು, ದಪ್ಪವಾಗಿ ಕೆಳಗಿಳಿಯುತ್ತಿತ್ತು. ಇಷ್ಟೇ. ಮಾವನ ಹೆಬ್ಬೆರಳು ಇನ್ನು ಮೇಲೆ ಅವನ ಗಂಟಲು.

ಊರಿಗೆ ಬಂದು ಕೊಟ್ಟರೆ ಹೊಸ ತೊಂದರೆ. ಇಷ್ಟು ವರ್ಷ ಹಾಡಿದ್ದು ಗಂಟಲು, ಹೆಬ್ಬೆರಳಿಗೆ ಒಂದು ರಾಗವೂ ಗೊತ್ತಿಲ್ಲ. ಯಾರಾದರೂ ಹಾಡಿ ತೋರಿಸಬೇಕು, ಅದನ್ನು ಕೇಳಿಕೊಂಡು ಚಕ್ರ ಉರುಳಿಸಬೇಕು. ಮಾವನ ಕೂಗನ್ನು ಯಾರೂ ಟೇಪು ಮಾಡಿಟ್ಟಿರಲಿಲ್ಲ. ಅದು ಉಳಿದಿದ್ದದ್ದು ಒಂದೇ ಕಡೆ, ನನ್ನ ಬಾಯಲ್ಲಿ.

ನಾನು ಹನೂರನ್ನು ಕೂಗಿದೆ. ಮಾವ ಚಕ್ರ ಬಿಟ್ಟು ಹುಬ್ಬು ಗಂಟಿಕ್ಕಿದ.

"ನಾನ್ ಯಾವತ್ಲಾ ಅಂಗ್ ಎಳೀತಿದ್ದೆ? ನೀ ಅಣಗ್ಸೋದು ಅದು."

ಸರಿ ಎಂದು, ಎಳೆತ ಬಿಟ್ಟು, ಅವನು ನಿಜವಾಗಿ ಕೂಗುತ್ತಿದ್ದ ಹಾಗೆ ಕೂಗಿದೆ. ಅವನು ಮಾತು ಬಿಟ್ಟು, ಆ ರಾಗವನ್ನಷ್ಟೇ ಡಬ್ಬಿಯಲ್ಲಿ ತಂದ. ಒಳಗಿನಿಂದ ಅತ್ತೆಯನ್ನು ಕರೆದು, ಯಾವ ಊರು ಹೇಳು ಎಂದೆವು.

"ಯಳಂದೂರು."

ಮಾವ ಇನ್ನೊಂದೂರಿನ ರಾಗ ಉರುಳಿಸಿದ.

"ಅದೂ ಯಳಂದೂರು. ಎಲ್ಲಾ ಯಳಂದೂರೇ ಆದ್ರೆ ಅನೂರ್ನೋರು ಎತ್ಲಾಗ್ ಓಗ್ಬೇಕು?"

ಆಗ ನನಗೆ ಗೈಡಿಗೆ ನಾನೇ ಕೊಟ್ಟ ಉತ್ತರ ನೆನಪಾಯಿತು. ಎಳೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಜವಾದ ಗಂಟಲಿನಲ್ಲಿ ಒಂದೊಂದು ಊರಿಗೂ ಬೇರೆ ಬೇರೆ ಕಸರತ್ತು ಇರುತ್ತದೆ, ಕರಕರ ಇರುತ್ತದೆ, ಉಸಿರು ಇರುತ್ತದೆ. ಡಬ್ಬಿಗೆ ಅದೊಂದೂ ಇಲ್ಲ, ಮೇಲೆ ಕೆಳಗೆ ಮಾತ್ರ. ಆದ್ದರಿಂದ ಮೇಲಿನದು ಅಟ್ಟ ಮುಟ್ಟಬೇಕು, ಕೆಳಗಿನದು ಬಾವಿ ಮುಟ್ಟಬೇಕು. ಅಣಕಿಸುವವನು ಮಾಡುವುದು ಇದನ್ನೇ, ಅಲ್ಪಸ್ವಲ್ಪ ಇರುವ ವ್ಯತ್ಯಾಸವನ್ನು ಮೆರವಣಿಗೆ ಮಾಡಿಸುವುದು. ಮಾವನ ರಾಗ ಡಬ್ಬಿಗೆ ಸಾಲದು. ನನ್ನ ಅಣಕವೇ ಬೇಕು.

ಇದನ್ನು ವಿವರಿಸಿದೆ. ಮಾವ ಡಬ್ಬಿ ಒತ್ತಿದ.

"ಅಂದ್ರೆ ನನ್ನ ನಾನೇ ಅಣಗ್ಸಬೇಕಾ?"

ಅತ್ತೆ ಬಾಗಿಲಿಗೆ ಒರಗಿಕೊಂಡಿದ್ದಳು. "ಊರೋರು ಅಣಗ್ಸದಾಯ್ತು, ಅಳಿಯ ಅಣಗ್ಸದಾಯ್ತು. ನಿಮ್ಗೊಬ್ರಿಗ್ ಏನ್ ದಾಡಿ?"

ಶುರುವಾಯಿತು. ನಾನು ಹನೂರಿನ ‘ನೂ’ವನ್ನು ಹೆಂಚು ಹಾರುವ ಹಾಗೆ ಎಳೆಯುವುದು, ಮಾವ ಹೆಬ್ಬೆರಳು ತಿರುಚುವುದು. ತಪ್ಪಿದರೆ ನಾನು ಅವನ ಕಿವಿಯ ಕಡೆ ಕೈ ಒಯ್ಯುತ್ತಿದ್ದೆ, ಅವನು ಕೊಳವೆ ಎತ್ತುತ್ತಿದ್ದ. ಮೊದಮೊದಲು ನಾಚುತ್ತಿದ್ದವನು ಬರಬರುತ್ತಾ ನನ್ನನ್ನೂ ಮೀರಿಸಿ ಎಳೆಯತೊಡಗಿದ. ಒಡೆಯರಪಾಳ್ಯದ ಏರಿನಲ್ಲಿ ಒಂದು ಗೇರು ಹಾಕುವ ಕಟಕಟವನ್ನೂ ಚಕ್ರದಲ್ಲಿ ಸೇರಿಸಿದ. ಅದು ಅವನ ಹಳೆಯ ಕೂಗಿನಲ್ಲಿ ಇರಲಿಲ್ಲ, ನನ್ನ ಅಣಕದಲ್ಲೂ ಇರಲಿಲ್ಲ. ಅಡುಗೆಮನೆಯಿಂದ ಅತ್ತೆ, "ಒಡೆಯರಪಾಳ್ಯ, ಜಾಗ ಇದ್ರೆ ನಂಗೂ ಒಂದ್ ಸೀಟು," ಎಂದಳು.

ಎರಡನೆಯ ಸಲ ಬಸ್ ಸ್ಟ್ಯಾಂಡಿಗೆ ಹೋದಾಗ ಸಾವ್ಕಾರರು ಕುರ್ಚಿ ಹಾಕಿಸಿಕೊಳ್ಳಲಿಲ್ಲ, ಪೇಪರು ಓದುತ್ತಾ ನಿಂತರು. ಹನೂರಿನ ಬಸ್ಸಿಗೆ ಯಥಾಪ್ರಕಾರ ಯಳಂದೂರಿನ ಬೋರ್ಡು. ಮಾವ ಕೊಳವೆ ಎತ್ತಿದ, ಡಬ್ಬಿ ಒತ್ತಿದ, ಹೆಬ್ಬೆರಳು ಉರುಳಿಸಿದ. ‘ನೂ’ ಆಕಾಶಕ್ಕೆ ಹೋಯಿತು, ಅಲ್ಲಿ ಇನ್ನೊಂದು ಸ್ವಲ್ಪ ಮೇಲೆ ಹೋಯಿತು, ಬಿಂದಿಗೆ ಬಿತ್ತು.

ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ. ಆಮೇಲೆ ಹನೂರಿನವರು ಎದ್ದರು. ಟೀ ಲೋಟ ಬಿಟ್ಟು ಎದ್ದರು, ಮಾತು ಅರ್ಧಕ್ಕೆ ಬಿಟ್ಟು ಎದ್ದರು. ಬೋರ್ಡು ನೋಡದೆ ಹತ್ತಿದರು. ಮಾವ ಬಂಡಳ್ಳಿಯ ಮೊಳೆ ಹೊಡೆದ, ಯಳಂದೂರಿನ ಕರು ಕರೆದ. ಬಸ್ಸು ಬಸ್ಸಿಗೆ ಜನ ತಾವಾಗಿಯೇ ಬೇರೆಯಾದರು, ಮೊರದಲ್ಲಿ ಕೇರಿದ ಕಾಳಿನ ಹಾಗೆ. ಕೆಲವರು ನಗುತ್ತಿದ್ದರು. ನಗುತ್ತಲೇ ಹತ್ತುತ್ತಿದ್ದರು. ಮಾವ ಬಸ್ಸಿನ ಬೆನ್ನಿಗೆ ಒದ್ದ. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು.

ಸಾವ್ಕಾರರು ಪೇಪರು ಮಡಿಸಿದರು. ನನ್ನ ಕಡೆ ನೋಡಿದರು, ನನ್ನ ಬಾಯಿ ಮುಚ್ಚಿತ್ತು. ಮಾವನ ಕಡೆ ನೋಡಿದರು.

"ಯಾರಯ್ಯ ಕೂಗಿದ್ದು, ಮಾವನೋ ಅಳಿಯನೋ?"

ಮಾವ ಡಬ್ಬಿ ಒತ್ತಿದ. "ಗಂಟ್ಲು ನಂದೇ ಸಾ. ಇವ್ನು ಕಡ ತಕಂಡಿದ್ದ, ಈಗ ಬಡ್ಡಿ ಸಮೇತ ಕೊಟ್ಟವ್ನೆ."

"ಅಂಗಾದ್ರೆ ಡ್ರಮ್ಮು ಕಾಯಕ್ಕೆ ಬೇರೆಯೋನ್ನ ನೋಡ್ತೀನಿ," ಎಂದರು ಸಾವ್ಕಾರರು. ಮಾವ ತಲೆಯಾಡಿಸಿ, ಬಂದ ಲೊಕ್ಕನಹಳ್ಳಿ ಬಸ್ಸಿನ ಕಡೆ ತಿರುಗಿಬಿಟ್ಟ. ಅಷ್ಟು ಜನರ ಮುಂದೆ ಕಣ್ಣೊರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಒಂದರಲ್ಲಿ ಡಬ್ಬಿ, ಒಂದರಲ್ಲಿ ಕೊಳವೆ.

ನಾನು ಬೆಂಗಳೂರಿಗೆ ಹೊರಡಬೇಕಿತ್ತು. ಆ ಬಸ್ಸು ಬೇರೆ ಕಂಪನಿಯದು, ಅದಕ್ಕೆ ಮಾವನ ಬಳಿ ರಾಗವಿಲ್ಲ. ಟೀ ಅಂಗಡಿಯ ಬೆಂಚಿನಲ್ಲಿ ಚೀಲ ಇಟ್ಟುಕೊಂಡು ಕೂತು, ಪಕ್ಕದವರಿಗೆ ನಾನು ಡಾಕ್ಟರೋ ಇಂಜಿನಿಯರೋ ಎಂಬುದನ್ನು ವಿವರಿಸುತ್ತಿದ್ದೆ. ಆಗ ಕೊಳವೆಯಿಂದ ಒಂದು ಹೊಸ ರಾಗ ಬಂತು. ಮಾತಿಲ್ಲ, ಬರೀ ದುಂಬಿ. ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಏಣಿಯ ಕೊನೆಯ ಮೆಟ್ಟಿಲು ಹತ್ತಿ, ಇಳಿಯುವುದನ್ನು ಮರೆತು ಅಲ್ಲೇ ನೇತಾಡಿತು. ಟೀ ಅಂಗಡಿಯವನು ಮೊದಲು ನಕ್ಕ. ಆಮೇಲೆ ಬೆಂಚಿನವರು, ಡ್ರೈವರುಗಳು, ಪೇಪರು ಬಿಡಿಸಿದ್ದ ಸಾವ್ಕಾರರು.

ಯಾವ ಊರಪ್ಪ ಇದು ಎಂದು ನಾನೂ ಸುತ್ತ ನೋಡಿದೆ. ನೋಡುವಾಗ ನಾನು ಎದ್ದು ನಿಂತಿದ್ದೆ, ಚೀಲ ಹೆಗಲಿಗೇರಿತ್ತು, ಕಾಲು ಮಾವನ ಕಡೆ ಹೊರಟಾಗಿತ್ತು.

"ಯಾರ್ನ ಮಾವ ಅಣಗ್ಸಿದ್ದು?" ಎಂದು ಕೇಳಿದೆ. ಕೇಳಿದ ದನಿ ಅಟ್ಟದ ಮೇಲೇ ಉಳಿಯಿತು. ಈ ಸಲ ನನಗೂ ಕೇಳಿಸಿತು.

ಮಾವ ಡಬ್ಬಿಯನ್ನು ಕತ್ತಿಗೆ ಒತ್ತಿಕೊಂಡು, ಸಾವ್ಕಾರರ ಕಡೆ ತಿರುಗಿ ಹೇಳಿದ:

"ನೋಡಿ ಸಾ. ಎದ್ ಬಂದವ್ನೆ, ಬಂದು ಯಾರು ಅಂತ ಕೇಳ್ತಾವ್ನೆ."